ಹಿಟ್ಟಿನ ಚೀಲದ ಕಾವಲು

"ಅಜ್ಜಿ, ಆ ಅಂಕಲ್ ಮತ್ತೆ ನಮ್ ಬ್ಯಾಗೇ ನೋಡ್ತಾವ್ರೆ," ಸಿಂಚನ ಅಜ್ಜಿಯ ಕಿವಿಯಲ್ಲಿ ಪಿಸುಗುಟ್ಟಿದಳು.

"ನೋಡ್ಲಿ ಬಿಡವ್ವ. ನೋಡಿದ್ರೆ ಸವೆದು ಹೋಗ್ತದಾ?" ಎಂದು ಲಕ್ಕಮ್ಮಜ್ಜಿ ಆಕಳಿಸಿದರು.

"ನಿಂಗೊತ್ತಿಲ್ಲ ಸುಮ್ನಿರಜ್ಜಿ. ಇದು ನಾಲ್ಕನೇ ಸಲ. ನಾನು ಎಣಿಸಿದೀನಿ."

ದೇವನಹಳ್ಳಿ ಏರ್‌ಪೋರ್ಟಿನ ಬಾಗಿಲ ಹೊರಗೆ ಕುರ್ಚಿಗಳ ಒಂದು ಸಾಲು. ಅದರಲ್ಲಿ ಅಜ್ಜಿ, ಮೊಮ್ಮಗಳು ಕಾಲು ಮೇಲೆತ್ತಿ ಕೂತಿದ್ದರು. ಪುಣೆಯ ವಿಮಾನ ಬೆಳಿಗ್ಗೆ ಐದಕ್ಕೆ. ಅಷ್ಟು ಹೊತ್ತಿಗೆ ತೂಬಗೆರೆಯಿಂದ ಬಸ್ಸೆಲ್ಲಿ ಬರಬೇಕು? ಕಾರಿನವರು ಹೇಳಿದ ಬಾಡಿಗೆ ಕೇಳಿ ಅಪ್ಪ ಫೋನನ್ನೇ ಕಟ್ ಮಾಡಿಬಿಟ್ಟಿದ್ದರು. "ಸಾಯಂಕಾಲಾನೇ ಹೋಗಿ ಅಲ್ಲೇ ಮಲ್ಕೊಳಿ. ಎಷ್ಟೋ ಜನ ಮಲಗ್ತಾರಂತೆ" ಎಂದು ಇಬ್ಬರನ್ನೂ ಕರೆತಂದು ಕೂರಿಸಿದರು. ಅವರಿಗೆ ಬೆಳಿಗ್ಗೆ ಹಾಲು ಕರೆಯುವ ಕೆಲಸ. ವಾಪಸು ಹೊರಟರು.

ಹೊರಡುವ ಮುಂಚೆ ಸಿಂಚನಳ ಕೈ ಹಿಡಿದು ಹೇಳಿದ್ದು ಒಂದೇ ಮಾತು. "ಅಜ್ಜಿ ನಿದ್ದೆ ಮಾಡ್ಬಿಡ್ತಾರೆ. ಉಡುದಾರ ಜೋಪಾನ ಕಣಮ್ಮ. ನೀನೇ ನೋಡ್ಕೋಬೇಕು."

ಪುಣೆಯಲ್ಲಿ ಪ್ರಮೋದಾ ಅತ್ತೆಗೆ ಮಗು ಹುಟ್ಟಿತ್ತು. ನಾಮಕರಣದ ದಿನ ಮಗುವಿನ ಸೊಂಟಕ್ಕೆ ಕಟ್ಟಲು ಅಜ್ಜಿ ಬೆಳ್ಳಿ ಉಡುದಾರ ಮಾಡಿಸಿದ್ದರು. ಅಂಗಡಿಯಲ್ಲಿ ಕೊಂಡದ್ದಲ್ಲ. ತಮ್ಮ ಮದುವೆಯ ಕಾಲುಕಡಗವನ್ನೇ ಕರಗಿಸಿ ಮಾಡಿಸಿದ್ದು. ಕಳೆದುಹೋದರೆ ಇನ್ನೊಂದು ಮಾಡಿಸಲು ಅಜ್ಜಿಯ ಹತ್ತಿರ ಇನ್ನೊಂದು ಕಡಗವಿಲ್ಲ.

ಅದಕ್ಕೇ ಸಿಂಚನ ಗಾಲಿಯಿರುವ ನೀಲಿ ಬ್ಯಾಗಿನ ಹಿಡಿಯನ್ನು ಒಂದು ಕ್ಷಣವೂ ಬಿಟ್ಟಿರಲಿಲ್ಲ. ಇನ್ನೊಂದು ರಾಗಿ ಹಿಟ್ಟಿನ ಬಟ್ಟೆ ಚೀಲ. ಪುಣೆಯ ರಾಗಿಗೆ ರುಚಿಯಿಲ್ಲ ಎಂದು ಅಜ್ಜಿ ಕಟ್ಟಿಕೊಂಡದ್ದು. ಅದರ ಗೊಡವೆ ಅವಳಿಗೆ ಬೇಕಿರಲಿಲ್ಲ.

ಎದುರಿಗಿದ್ದ ಆ ಕಪ್ಪು ಜಾಕೆಟ್ಟಿನ ಅಂಕಲ್ ಮಾತ್ರ ಒಂದು ಕಡೆ ಕೂರುತ್ತಿರಲಿಲ್ಲ. ತಮ್ಮ ಬ್ಯಾಗನ್ನು ಎದೆಗೆ ಅವುಚಿಕೊಂಡೇ ಏಳುವರು, ಮುಖ ತೊಳೆದು ಬರುವರು, ಗಡಿಯಾರ ನೋಡುವರು. ಅಕ್ಕಪಕ್ಕದವರೆಲ್ಲ ಗೊರಕೆ ಹೊಡೆಯುತ್ತಿದ್ದರೂ ಇವರಿಗೆ ನಿದ್ದೆಯೇ ಇಲ್ಲ! ಒಮ್ಮೆ ಅಜ್ಜಿಯನ್ನು ನೋಡುವರು, ಒಮ್ಮೆ ನೀಲಿ ಬ್ಯಾಗನ್ನು. ಆಮೇಲೆ ಎದ್ದು ಇವರ ಕಡೆ ಎರಡು ಹೆಜ್ಜೆ ಬಂದು, ಬಾಯಿ ತೆರೆದು, ಏನೂ ಹೇಳದೆ ವಾಪಸು ಹೋಗುವರು.

'ಕಳ್ಳನೇ. ಡೌಟೇ ಇಲ್ಲ. ಅಜ್ಜಿ ಮಲಗೋದನ್ನೇ ಕಾಯ್ತಾವ್ರೆ' ಎಂದುಕೊಂಡಳು ಸಿಂಚನ.

ಅವರು ಐದನೇ ಸಲ ಎದ್ದಾಗ ಅವಳು ರೆಪ್ಪೆ ಬಡಿಯದೆ ಗುರಾಯಿಸಿದಳು. ಕಣ್ಣಲ್ಲಿ ನೀರು ಬಂತು, ಆದರೂ ಬಿಡಲಿಲ್ಲ. ಅಂಕಲ್ ತಲೆ ತಗ್ಗಿಸಿ ಹೋಗಿ ಕೂತರು.

ಹನ್ನೆರಡು ಗಂಟೆ ಹೊತ್ತಿಗೆ ಅಜ್ಜಿ ಎದ್ದರು. "ಬಾತ್‌ರೂಮಿಗೆ ಹೋಗ್ಬೇಕು ಕಣೆ. ನೀನೂ ಬಾ. ಆ ಬಾಗಿಲ ಚಿಲಕ ನಂಗೆ ತೆಗೆಯಕ್ಕೆ ಬರಲ್ಲ."

ಸಿಂಚನ ನೀಲಿ ಬ್ಯಾಗನ್ನು ಎಳೆದುಕೊಂಡಳು. ಅಜ್ಜಿ ಹಿಟ್ಟಿನ ಚೀಲವನ್ನು ಕುರ್ಚಿಯ ಮೇಲಿಟ್ಟು, ಮೇಲೊಂದು ಟವೆಲ್ ಹೊದಿಸಿದರು.

"ಅದ್ಯಾಕಜ್ಜಿ ಇಲ್ಲಿಡ್ತೀಯಾ?"

"ಜಾಗ ಹಿಡಿಬೇಡ್ವಾ? ಬರೋಷ್ಟರಲ್ಲಿ ಯಾರಾದ್ರೂ ಕೂತ್ಬಿಟ್ರೆ?"

ಜಾಗ ಹಿಡಿಯುವುದರಲ್ಲಿ ಅಜ್ಜಿಯನ್ನು ಮೀರಿಸುವವರಿಲ್ಲ. ದೊಡ್ಡಬಳ್ಳಾಪುರದ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ ಎಸೆದರೆ, ಅದು ಸರಿಯಾಗಿ ಸೀಟಿನ ಮೇಲೇ ಬೀಳಬೇಕು. ಟವೆಲ್ ಬಿದ್ದ ಸೀಟಿನಲ್ಲಿ ಇನ್ಯಾರಾದರೂ ಕೂತರೋ, ಅವರ ಕತೆ ಮುಗಿಯಿತು.

ಬಾತ್‌ರೂಮಿನಲ್ಲಿ ಕೈ ತೊಳೆಯುತ್ತಾ ಸಿಂಚನ ನೀಲಿ ಬ್ಯಾಗನ್ನು ತಟ್ಟಿದಳು. "ಉಡುದಾರ ಸೇಫ್ ಅಜ್ಜಿ. ಬ್ಯಾಗ್ ನನ್ ಹತ್ರಾನೇ ಐತೆ."

"ಅದ್ರಲ್ಲೆಲ್ಲೈತೆ ಉಡುದಾರ? ಹಿಟ್ಟಲ್ಲಿ ಹೂತಿಟ್ಟಿದೀನಿ."

"ಯಾವ ಹಿಟ್ಟಲ್ಲಿ?"

"ಇನ್ಯಾವ ಹಿಟ್ಟು? ರಾಗಿ ಹಿಟ್ಟು! ಕಳ್ಳ ಬಂದ್ರೆ ಗಾಲಿ ಬ್ಯಾಗ್ ಎತ್ಕೊಂಡೋಗ್ತಾನೆ. ಹಿಟ್ಟಿನ ಚೀಲ ಯಾರ್ ಮುಟ್ತಾರೆ?" ಎಂದು ಅಜ್ಜಿ ತಮ್ಮ ಬುದ್ಧಿಗೆ ತಾವೇ ನಕ್ಕರು.

ಸಿಂಚನಳಿಗೆ ನಗು ಬರಲಿಲ್ಲ. ನೀಲಿ ಬ್ಯಾಗನ್ನು ಅಲ್ಲೇ ಅಜ್ಜಿಯ ಕೈಗೆ ಕೊಟ್ಟು ಓಡಿದಳು.

ಕುರ್ಚಿಯ ಮೇಲೆ ಟವೆಲ್ ಇತ್ತು, ಚೀಲ ಇರಲಿಲ್ಲ. ಅದು ಆ ಅಂಕಲ್ ಕೈಯಲ್ಲಿತ್ತು! ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡಿದ್ದರು. ಪಕ್ಕದಲ್ಲೇ ಇಬ್ಬರು ಪೊಲೀಸರು, ಒಬ್ಬರು ಮೇಡಂ, ಒಬ್ಬರು ಸರ್.

"ಕಳ್ಳ! ಅದು ನಮ್ ಬ್ಯಾಗು!" ಸಿಂಚನ ಕಿರುಚಿದಳು. "ಸಾಯಂಕಾಲದಿಂದ ನಮ್ಮನ್ನೇ ನೋಡ್ತಾವ್ರೆ ಇವ್ರು! ಹಿಡ್ಕೊಳಿ ಸರ್!"

ಮಲಗಿದ್ದವರೆಲ್ಲ ಎದ್ದು ಕೂತರು. ಒಬ್ಬರು ವೀಡಿಯೊ ಮಾಡಲು ಮೊಬೈಲನ್ನೂ ಎತ್ತಿದರು. ಪೊಲೀಸ್ ಸರ್ ಅಂಕಲ್‌ನ ತೋಳು ಹಿಡಿದರು. ಅಂಕಲ್ ಮುಖ ಸಪ್ಪಗಾಯಿತು, ಚೀಲವನ್ನು ಮಾತ್ರ ಬಿಡಲಿಲ್ಲ.

"ತಡಿ ಪುಟ್ಟಿ, ತಡಿ" ಎಂದರು ಮೇಡಂ. "ಚೀಲ ಇಲ್ಲಿ ಬಿಟ್ಟೋಗಿದ್ದು ನೀವೇನಾ? ಯಾರೂ ಇಲ್ದೇ ಇರೋ ಬ್ಯಾಗ್ ಕಂಡ್ರೆ ನಾವು ಬಿಡಂಗಿಲ್ಲ. ಬಾಂಬ್ ಇದ್ರೆ? ತಗೊಂಡೋಗಕ್ಕೆ ಬಂದ್ವಿ. ಇವ್ರೇ ಅಡ್ಡ ಬಂದಿದ್ದು. 'ಒಬ್ರು ಅಜ್ಜಿ, ಒಂದ್ ಹುಡ್ಗಿ ಐತೆ, ಈಗ ಬರ್ತಾರೆ, ಐದೇ ನಿಮಿಷ ಮೇಡಂ' ಅಂತ ಗೋಗರೀತಿದ್ರು. ನಮ್ ಕೈಲಿ ಬೈಸ್ಕೊಂಡ್ರು ಕೂಡ."

ಪೊಲೀಸ್ ಸರ್ ಮೆಲ್ಲಗೆ ತೋಳು ಬಿಟ್ಟರು. ಸಿಂಚನಳಿಗೆ ಅಲ್ಲಿಂದ ಓಡಿಹೋಗಬೇಕು ಅನ್ನಿಸಿತು. ಕಿರುಚಿದ್ದನ್ನು ಮತ್ತೆ ನುಂಗಲು ಆಗುತ್ತದೆಯೇ?

ಅಷ್ಟರಲ್ಲಿ ಅಜ್ಜಿ ಏದುಸಿರು ಬಿಡುತ್ತಾ ಬಂದರು. ಮೇಡಂ ಚೀಲ ಬಿಚ್ಚಿಸಿದರು. ಅಜ್ಜಿ ಮೊಣಕೈವರೆಗೆ ಹಿಟ್ಟಿನೊಳಗೆ ಕೈ ಹಾಕಿ, ಗಂಟು ಹಾಕಿದ ಒಂದು ಪ್ಲಾಸ್ಟಿಕ್ ಕವರ್ ತೆಗೆದರು. ಒಳಗೆ ಬೆಳ್ಳಿ ಉಡುದಾರ ಹಾಗೇ ಇತ್ತು. ಮೇಡಂಗೆ ನಗು ತಡೆಯಲಾಗಲಿಲ್ಲ.

"ಇದು ಬಸ್ಸಲ್ಲಜ್ಜಿ. ಇಲ್ಲಿ ಬ್ಯಾಗ್ ಇಟ್ಟೋದ್ರೆ ಸೀಟ್ ಸಿಗಲ್ಲ, ಪೊಲೀಸ್ ಸಿಗ್ತಾರೆ" ಎಂದು ಹೇಳಿ ಇಬ್ಬರೂ ಹೊರಟರು.

ಅಂಕಲ್ ತಮ್ಮ ಜಾಗಕ್ಕೆ ಹೋಗಿ ಕೂತಿದ್ದರು. ಅವರ ಕಪ್ಪು ಜಾಕೆಟ್ಟಿನ ತುಂಬ ಹಿಟ್ಟು. ಸಿಂಚನ ಅವರ ಮುಂದೆ ಹೋಗಿ ನಿಂತಳು.

"ಸಾರಿ ಅಂಕಲ್."

"ಪರ್ವಾಗಿಲ್ಲ ಬಿಡಮ್ಮ" ಎಂದರು ಅಂಕಲ್. ಮುಖ ಮಾತ್ರ ಇನ್ನೂ ಸಪ್ಪಗೇ ಇತ್ತು.

"ಯಾವೂರಪ್ಪ ನಿಂದು?" ಅಜ್ಜಿ ಕೇಳಿದರು.

"ಸಾಸಲು ಕಣಮ್ಮ. ಭಾನುಪ್ರಕಾಶ್ ಅಂತ."

"ಅಯ್ಯೋ, ನಮ್ ಕಡೆಯವ್ನೇ! ನಾವು ತೂಬಗೆರೆ."

"ಮತ್ತೆ ಯಾಕಂಕಲ್ ನಮ್ಮನ್ನೇ ನೋಡ್ತಿದ್ರಿ?" ಸಿಂಚನ ಕೇಳಿಯೇಬಿಟ್ಟಳು.

ಅವರು ಎದೆಗೆ ಅವುಚಿಕೊಂಡಿದ್ದ ಬ್ಯಾಗನ್ನು ತಟ್ಟಿದರು. "ನಾಳೆ ಅಹಮದಾಬಾದಲ್ಲಿ ಕೆಲಸಕ್ಕೆ ಸೇರ್ಬೇಕು. ಮಾರ್ಕ್ಸ್ ಕಾರ್ಡು, ಲೈಸೆನ್ಸು, ಎಲ್ಲಾ ಒರಿಜಿನಲ್ಲೇ ಇದ್ರಲ್ಲೈತೆ. ನಿನ್ನೆ ರಾತ್ರಿಯೆಲ್ಲಾ ಜೆಸಿಬಿ ಓಡ್ಸಿ ಬಂದಿದೀನಿ, ಕಣ್ಣು ಎಳೀತದೆ. ನಿಮ್ಮಜ್ಜಿ ಮಾತು ಕೇಳಿ ನಮ್ ಕಡೆಯವ್ರೇ ಅನ್ನಿಸ್ತು. 'ಬ್ಯಾಗ್ ನೋಡ್ಕೊಳಿ, ಒಂದ್ ಗಂಟೆ ಮಲಗ್ತೀನಿ' ಅಂತ ಕೇಳಕ್ಕೆ ಎದ್ದೆ. ನೀನು ತಿಂದ್ಹಾಕೋ ಥರ ನೋಡ್ದೆ. ವಾಪಸ್ ಬಂದ್ಬಿಟ್ಟೆ."

"ಐದು ಸಲ" ಎಂದಳು ಸಿಂಚನ ಸಣ್ಣ ದನಿಯಲ್ಲಿ.

"ಎಣಿಸಿದ್ಯಾ?" ಅಂಕಲ್‌ಗೆ ಈಗ ನಗು ಬಂತು.

"ಈಗ ಮಲ್ಕೊಳಿ ಅಂಕಲ್. ನಾನು ನೋಡ್ಕೊತೀನಿ. ಎರಡು ಗಂಟೆಗೆ ಎಬ್ಬಿಸ್ತೀನಿ, ಪ್ರಾಮಿಸ್."

ಅಂಕಲ್ ಒಮ್ಮೆ ಬ್ಯಾಗನ್ನು ನೋಡಿದರು, ಒಮ್ಮೆ ಅವಳನ್ನು. ಕೊನೆಗೆ ಬ್ಯಾಗನ್ನು ಪಕ್ಕದ ಕುರ್ಚಿಯ ಮೇಲಿಟ್ಟು, ಅದರ ಪಟ್ಟಿಯನ್ನು ಮಣಿಕಟ್ಟಿಗೆ ಎರಡು ಸುತ್ತು ಸುತ್ತಿಕೊಂಡು ಕಣ್ಣು ಮುಚ್ಚಿದರು.

ಐದು ನಿಮಿಷವೂ ಆಗಿರಲಿಲ್ಲ, ಅವರ ಒಂದು ಕಣ್ಣು ತೆರೆಯಿತು. ಬ್ಯಾಗನ್ನು ನೋಡಿತು. ಸಿಂಚನಳ ಕೈ ಎಲ್ಲಿದೆ ಎಂದು ನೋಡಿತು. ಮತ್ತೆ ಮುಚ್ಚಿತು.

ಸಿಂಚನಳಿಗೆ ಒಂದು ಕ್ಷಣ ಸಿಟ್ಟು ಬಂತು. ನಾನೇನು ಕಳ್ಳಿಯಾ? ಆದರೆ ಆ ನೋಟ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಸಾಯಂಕಾಲದಿಂದ ಅವಳೂ ಹಾಗೇ ನೋಡಿದ್ದಳು.

ಅವಳು ಅಜ್ಜಿಯ ಹಿಟ್ಟಿನ ಚೀಲವನ್ನು ತಂದು ಅಂಕಲ್ ಬ್ಯಾಗಿನ ಪಕ್ಕದಲ್ಲೇ ಇಟ್ಟಳು. ಉಡುದಾರ ಮತ್ತೆ ಅದರೊಳಗೇ ಇತ್ತು. ಆಮೇಲೆ ಅವರು ಕಣ್ಣು ಬಿಟ್ಟರೆ ಕಾಣುವ ಹಾಗೆ ಎದುರಿನ ಕುರ್ಚಿಯಲ್ಲಿ, ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಕೂತಳು.

ಸ್ವಲ್ಪ ಹೊತ್ತಿಗೆ ಆ ಕಣ್ಣು ಇನ್ನೊಮ್ಮೆ ತೆರೆಯಿತು. ಎರಡು ಚೀಲಗಳನ್ನೂ ನೋಡಿತು. ಮುಚ್ಚಿದ್ದು, ಎರಡು ಗಂಟೆಗೆ ಸಿಂಚನ ಎಬ್ಬಿಸುವವರೆಗೂ ತೆರೆಯಲಿಲ್ಲ.