ಕಿಲುಬಿನ ಕೆಳಗಿನ ಮುಖ

“ಮುಖ ಮಾತ್ರ ಬಿಡಿಸಬೇಡಿ ಡಾಕ್ಟ್ರೇ,” ಎಂದಳು ಮುದುಕಿ. “ಹಿಂದುಗಡೆ ಬೇಕಾದ್ರೆ ಉಜ್ಜಿ, ಅಂಚು ತಿಕ್ಕಿ. ರಾಣಿ ಮುಖದ ಮೇಲಿರೋ ಕಿಲುಬು ಹಾಗೇ ಇದ್ದುಬಿಡ್ಲಿ.”

ಹಲ್ಲಿನ ಡಾಕ್ಟರಿಗೆ ನಗು ಬಂತು. ರೋಮನ್ ನಾಣ್ಯವೆಂದರೆ ಊಟ ನಿದ್ದೆ ಮರೆಯುವ ಮನುಷ್ಯನಿಗೆ ಹಾಗೆ ಹೇಳುವುದೂ ಒಂದೇ, ಹಸಿದವನ ಮುಂದೆ ತಟ್ಟೆಯಿಟ್ಟು ಮುಟ್ಟಬೇಡ ಎನ್ನುವುದೂ ಒಂದೇ. ಅಂಗೈ ನಡುವೆ ಭಾರವಾಗಿ ಕೂರುವ ದಪ್ಪ ಕಂಚಿನ ನಾಣ್ಯ ಅದು. ಒಂದು ಬದಿಯಲ್ಲಿ ಯಾರೋ ರಾಣಿ, ಪಕ್ಕಕ್ಕೆ ತಿರುಗಿದ ಮುಖ. ಹಸಿರು ಕಿಲುಬಿನ ಅಡಿಯಿಂದ ಹೆರಳಿನ ಒಂದು ಸುಳಿ, ಕತ್ತಿನ ಒಂದು ಇಳುಕಲು ಮಾತ್ರ ಕಾಣುತ್ತಿತ್ತು. ಅಷ್ಟಕ್ಕೇ ಡಾಕ್ಟರು ಮರುಳಾಗಿ, ಬಂದು ಬಂದು ಈ ಮನೆಯ ಹೊಸ್ತಿಲು ಸವೆಸಿದ್ದರು.

ಕೋಣೆಯಲ್ಲಿ ಎಣ್ಣೆಯ, ಹಳೆಯ ಮಣ್ಣಿನ ವಾಸನೆ. ಮುದುಕಿಯ ಗಂಡ ಬದುಕಿರುವತನಕ ಬೇರೆಯವರ ಹಳೆಯ ನಾಣ್ಯಗಳನ್ನು ಇಲ್ಲೇ ಕೂತು ಚೊಕ್ಕಟ ಮಾಡಿಕೊಡುತ್ತಿದ್ದ. ಮುದುಕಿ ಮುಖದ ಎಡ ಅರ್ಧವನ್ನು ಬಟ್ಟೆಯಿಂದ ಬಿಗಿಯಾಗಿ ಸುತ್ತಿಕೊಂಡಿದ್ದಳು. ದವಡೆ ಹಲ್ಲು ಕೈಕೊಟ್ಟಿರಬೇಕು ಎಂದುಕೊಂಡರು ಡಾಕ್ಟರು. ಕಸುಬು ಎಲ್ಲಿ ಹೋದರೂ ಬೆನ್ನು ಬಿಡುವುದಿಲ್ಲ.

“ಬಿಡಿಸಿದ್ರೆ ಏನಮ್ಮಾ ಆಗುತ್ತೆ?”

“ಮನೇಲಿರೋರ ಮುಖ ಹೋಗುತ್ತೆ.”

“ಎಲ್ಲಿಗೆ, ಪೇಟೆಗಾ?”

ಮುದುಕಿ ನಗಲಿಲ್ಲ. ಟಂಕಸಾಲೆಯಲ್ಲಿ ಈ ರಾಣಿಯ ಅಚ್ಚು ಕೊರೆದವನ ಕತೆಯನ್ನು ತಗ್ಗಿದ ದನಿಯಲ್ಲಿ ಹೇಳಿದಳು. ಹಗಲೂ ಇರುಳೂ ಕೂತು ಕೊರೆದನಂತೆ. ಮನೆಯಲ್ಲಿ ಹೆಂಡತಿ ಹಾಸಿಗೆ ಹಿಡಿದಿದ್ದಾಳೆ ಎಂದು ಹೇಳಿಕಳಿಸಿದರೂ ಏಳಲಿಲ್ಲವಂತೆ. ಕೆಲಸ ಮುಗಿಸಿ ಹೋಗುವಷ್ಟರಲ್ಲಿ ಅವಳನ್ನು ಮಣ್ಣು ಮಾಡಿಯಾಗಿತ್ತು. ಅವಳ ಮುಖ ನೆನೆಸಿಕೊಂಡು ಅಳೋಣವೆಂದು ಕೂತರೆ ಕಣ್ಣ ಮುಂದೆ ಬಂದದ್ದು ರಾಣಿಯ ಮುಖ. ಎಷ್ಟು ಹೊತ್ತು ಕೂತರೂ ರಾಣಿಯದೇ. ಆಗ ಅವನು ಆ ಅಚ್ಚಿನಿಂದ ಬಂದ ಒಂದು ನಾಣ್ಯವನ್ನು ಸೀಸದ ತಗಡಿನಲ್ಲಿ ಸುತ್ತಿ, ಮಂತ್ರ ಹೇಳಿ, ಮೊಳೆ ಹೊಡೆದು, ಬಾವಿಗೆ ಹಾಕಿದನಂತೆ. ಈ ಮುಖಕ್ಕೆ ಮರುಳಾದವನಿಗೆ ಮನೆಯ ಮುಖ ಇಲ್ಲದೇ ಹೋಗಲಿ ಎಂದು.

“ನಮ್ಮೋರು ಅರ್ಧ ಬಿಡಿಸಿ ಕೈ ಬಿಟ್ರು,” ಎಂದಳು.

“ಬಿಡಿಸಿದ ಗುರುತೇ ಇಲ್ವಲ್ಲಮ್ಮ, ಪೂರ್ತಿ ಕಿಲುಬು.”

“ಮತ್ತೆ ಬೆಳೀತು.”

“ಕತೆ ಚೆನ್ನಾಗಿದೆ,” ಎಂದು ಡಾಕ್ಟರು ದುಡ್ಡು ಎಣಿಸಿಕೊಟ್ಟು ನಾಣ್ಯವನ್ನು ಜೇಬಿಗಿಳಿಸಿದರು.

ಡಾಕ್ಟರು ಕಂಡದ್ದನ್ನೆಲ್ಲ ಗುಡ್ಡೆಹಾಕುವ ಪೈಕಿಯವರಲ್ಲ. ಬೇರೆಯವರು ಹೊಳಪು ನೋಡುತ್ತಾರೆ, ಅಪರೂಪವೋ ಅಲ್ಲವೋ ನೋಡುತ್ತಾರೆ. ಇವರು ನೋಡುತ್ತಿದ್ದದ್ದು ಕೊರೆದವನ ಕೈ. ಸವೆದು ಚಪ್ಪಟೆಯಾದರೂ ಸರಿ, ಪಳಗಿದ ಕೈ ಕೊರೆದದ್ದಾದರೆ ಎದೆಗೊತ್ತಿಕೊಳ್ಳುವರು. ಒರಟು ಕೈಯ ಕೆಲಸ ನಿನ್ನೆ ಮೊನ್ನೆ ಅಚ್ಚಾದಂತಿದ್ದರೂ ಅವರ ಡ್ರಾಯರಿನಲ್ಲಿ ಜಾಗವಿಲ್ಲ. ಹೆಂಡತಿಯನ್ನು ಕೂರಿಸಿಕೊಂಡು ಪಾಠ ಮಾಡುವರು.

“ಕೆನ್ನೆ ಕತ್ತಿಗೆ ಇಳಿಯೋ ಕಡೆ ನೋಡೆ. ಕೈ ಪಳಗದವನು ಅಲ್ಲೊಂದು ಗೆರೆ ಎಳೆದುಬಿಡ್ತಾನೆ. ಬಲ್ಲವನು ಬರೀ ನೆರಳು ಬಿಡ್ತಾನೆ. ಇನ್ನು ಕಿವಿ! ಕಿವಿ ನೋಡಿದ್ರೆ ಸಾಕು, ಇದು ಯಾವ ಕೈ ಅಂತ ಹೇಳ್ತೀನಿ.”

“ರಾಣಿ ಕಿವಿ ಇಷ್ಟು ನೋಡ್ತೀರಲ್ಲ, ನನ್ನ ಓಲೆ ಬದಲಾಗಿದ್ದು ಗೊತ್ತಾಯ್ತಾ?”

“ಚೆನ್ನಾಗಿದೆ, ಚೆನ್ನಾಗಿದೆ,” ಎಂದರು ಡಾಕ್ಟರು, ಲೆನ್ಸಿನಿಂದ ಕಣ್ಣು ತೆಗೆಯದೆ. ಓಲೆ ಬದಲಾಗಿ ವರ್ಷವಾಗಿತ್ತು. ಅವಳು ನಕ್ಕು ಎದ್ದು ಹೋದಳು, ನಕ್ಕು ಎದ್ದು ಹೋಗುವುದು ಅವಳಿಗೆ ರೂಢಿಯಾಗಿತ್ತು.

ಮುಂದುಗಡೆ ಕ್ಲಿನಿಕ್ಕು, ಹಿಂದುಗಡೆ ಮನೆ, ನಡುವೆ ಒಂದು ಚಿಕ್ಕ ಕೋಣೆ. ರೋಗಿಗಳಿಲ್ಲದ ಹೊತ್ತಿನಲ್ಲಿ ಡಾಕ್ಟರು ಅದರ ಪರದೆ ಎಳೆದು, ಒಂದೇ ದೀಪ ಹಾಕಿ, ಹಲ್ಲಿನ ಕಲ್ಲು ತೆಗೆಯುವ ಸೂಜಿಯಿಂದ ರಾಣಿಯನ್ನು ಬಿಡಿಸಲು ಕೂತರು. ಅವರ ಕೈಯೇನೂ ಕಡಿಮೆಯದಲ್ಲ. ಕೂದಲೆಳೆಯಷ್ಟು ಆಚೀಚೆಯಾಗದಂತೆ ಸೂಜಿ ಆಡಿಸುವುದು ಅವರ ಅನ್ನ. ಕರಕರ, ಕರಕರ. ಚಕ್ಕೆ ಏಳುತ್ತಿದ್ದಂತೆ ಬಾವಿಯ ತಳದ ಕೆಸರಿನ ವಾಸನೆ ಕೋಣೆ ತುಂಬಿತು. ಅದರ ಹಿಂದೆ ಇನ್ನೊಂದು ವಾಸನೆ, ಬಹಳ ದಿನ ಮುಚ್ಚಿಟ್ಟ ಕೋಣೆಯ ಹಾಸಿಗೆಯದು. ಡಾಕ್ಟರು ಮೂಗು ಒರೆಸಿಕೊಂಡು ಮುಂದುವರಿಸಿದರು.

ಮೊದಲು ಕಿವಿ ಎದ್ದಿತು. ಎಂಥ ಕಿವಿ! ಹಾಲೆಯ ಕೆಳಗೆ ಬೆರಳಿಟ್ಟರೆ ಬೆಚ್ಚಗಿದ್ದೀತು ಎನ್ನುವಂಥ ಕಿವಿ. ಅವತ್ತು ಊಟಕ್ಕೆ ಕೂತಾಗ ಹೆಂಡತಿ, “ಓಲೆ ನಿಲ್ತಾನೇ ಇಲ್ಲ ರೀ, ಜಾರಿ ಜಾರಿ ಬೀಳ್ತಿದೆ,” ಎಂದಳು. “ತಿರುಪು ಸಡಿಲವಾಗಿರುತ್ತೆ,” ಎಂದರು ಡಾಕ್ಟರು ತಟ್ಟೆ ನೋಡುತ್ತ.

ಆಮೇಲೆ ಹಣೆ ಎದ್ದಿತು. ಕೆನ್ನೆ ಎದ್ದಿತು. “ಕನ್ನಡೀಲಿ ಏನೋ ಸರಿ ಇಲ್ಲ ರೀ, ಮುಖ ತೊಳೆದಷ್ಟೂ ಮಬ್ಬಾಗಿ ಕಾಣ್ತಿದೆ,” ಎಂದಳು ಹೆಂಡತಿ. “ವಯಸ್ಸಾಯ್ತು ಕಣೆ,” ಎಂದು ಡಾಕ್ಟರು ತಮಾಷೆ ಮಾಡಿದರು.

ಮೂಗು ಎದ್ದ ದಿನ ಅವಳು ಮಧ್ಯಾಹ್ನದ ಊಟ ಹಿಡಿದು ಕ್ಲಿನಿಕ್ಕಿಗೆ ಬಂದಳು. ವರ್ಷಗಟ್ಟಲೆಯಿಂದ ಅಲ್ಲೇ ಇರುವ ನರ್ಸು ಅವಳನ್ನು ತಡೆದು, “ಯಾರು ಬೇಕಾಗಿತ್ತಮ್ಮಾ?” ಎಂದಳು. ಹೆಂಡತಿ ಮೊದಲು ನಕ್ಕಳು. ನರ್ಸು ನಗಲಿಲ್ಲ. ಒಂದು ಹೆಜ್ಜೆ ಹಿಂದೆ ಸರಿದು, ಗೋಡೆಗೆ ಒರಗಿ, ಬಾಯಿಗೆ ಕೈ ಅಡ್ಡ ಹಿಡಿದಳು. ಬುತ್ತಿಯ ಡಬ್ಬ ನೆಲಕ್ಕೆ ಬಿದ್ದ ಸದ್ದು ಪರದೆಯಾಚೆ ಕೂತಿದ್ದ ಡಾಕ್ಟರಿಗೂ ಕೇಳಿಸಿತು. ಅವರು ಆಗ ಕಣ್ಣು ಬಿಡಿಸುತ್ತಿದ್ದರು.

“ರೀ, ಒಂದು ಸಲ ಈ ಕಡೆ ತಿರುಗಿ.”

ದನಿ ಪರದೆಯ ಹತ್ತಿರದಿಂದ ಬಂತು. ಸೂಜಿಯ ತುದಿಯಲ್ಲಿ ರೆಪ್ಪೆ ಬಿಚ್ಚಿಕೊಳ್ಳುತ್ತಿತ್ತು. ಉಸಿರು ಬಿಟ್ಟರೂ ಕೆಟ್ಟುಹೋಗುವ ಜಾಗ.

“ಬಂದೆ, ಬಂದೆ.”

“ನಂಗೆ ಭಯ ಆಗ್ತಿದೆ ರೀ. ಕಣ್ಣು ಕಾಣ್ತಿಲ್ಲ. ಎಲ್ಲಿದ್ದೀರಿ?”

“ಇಲ್ಲೇ ಇದ್ದೀನಲ್ಲ. ತುಟಿ ಒಂದು ಉಳಿದಿದೆ. ಒಂದೇ ನಿಮಿಷ ಕಣೆ.”

ಕತೆಯ ಈ ಜಾಗದಲ್ಲಿ ಕೇಳುವವರಿಗೆ ಡಾಕ್ಟರನ್ನು ಹಿಡಿದು ಅಲ್ಲಾಡಿಸಬೇಕು ಅನ್ನಿಸುತ್ತದೆ. ಆದರೆ ಕೋಣೆಯಲ್ಲಿ ಬೇರೆ ಯಾರಿದ್ದರು? ಸೂಜಿ ಇಳಿಯಿತು. ದೀಪ ಒಮ್ಮೆ ಕುಗ್ಗಿತು. ಕೆಸರಿನ ನಾತ ಗಂಟಲಿಗೆ ಬಂತು. ಕರಕರ.

“ರೀ...”

ಕೊನೆಯ ಚಕ್ಕೆ ಎದ್ದಿತು. ಕರೆದ ಮಾತು ಅರ್ಧಕ್ಕೆ ನಿಂತಿತು, ಯಾರೋ ಬಾಯಿ ಮುಚ್ಚಿದ ಹಾಗೆ. ರಾಣಿಯ ತುಟಿ ದೀಪದ ಕೆಳಗೆ ಒದ್ದೆಯಾಗಿ ಹೊಳೆಯಿತು. “ಆಹಾ,” ಎಂದರು ಡಾಕ್ಟರು. ಎಂದು, ತಿರುಗಿದರು.

ಹೆಂಡತಿ ನಿಂತಿದ್ದಳು. ಅವಳ ಸೀರೆ, ಅವಳ ಜಡೆ, ಅವಳ ಬಳೆ. ಮುಖವಿರಲಿಲ್ಲ. ಹುಬ್ಬಿಲ್ಲ. ಕಣ್ಣಿಲ್ಲ. ಬಾಯಿಲ್ಲ. ಸಾವಿರಾರು ಕೈ ದಾಟಿ ಸವೆದ ನಾಣ್ಯದ ನುಣುಪು. ಉಸಿರಾಡಲು ಸೂಜಿಮೊನೆಯಂಥ ಎರಡು ತೂತು. ಆ ನುಣುಪು ಅವರ ಕಡೆ ತಿರುಗಿತ್ತು. ಎರಡೂ ಕೈ ಗಾಳಿಯಲ್ಲಿ ಅವರನ್ನು ತಡಕುತ್ತಿದ್ದವು.

ಡಾಕ್ಟರು ಚೀರಿದರು. ಮನೆಯೊಳಗೆ ಓಡಿದರು. ಗೋಡೆಯ ಮೇಲಿನ ಮದುವೆ ಫೋಟೋ ನೋಡಿದರು. ತಮ್ಮ ಪಕ್ಕದಲ್ಲಿ ಹಾರ ಹಾಕಿಕೊಂಡು ಕೂತವಳಿಗೆ ಮುಖವಿರಲಿಲ್ಲ. ಆಲ್ಬಮ್ಮು ತೆಗೆದರು. ಒಂದರಲ್ಲೂ ಇರಲಿಲ್ಲ. ಹಿಂದಿನಿಂದ ಬಳೆಯ ಸದ್ದು ಬಂತು. ಅವಳು ಗೋಡೆ ಹಿಡಿದುಕೊಂಡು, ಎಡವುತ್ತ, ಅವರನ್ನೇ ಹುಡುಕಿಕೊಂಡು ಬರುತ್ತಿದ್ದಳು.

ಮುದುಕಿ ಬಾಗಿಲು ತೆಗೆದು, ಡಾಕ್ಟರ ಪಕ್ಕ ಮುಖಕ್ಕೆ ಶಾಲು ಮುಚ್ಚಿಕೊಂಡು ನಿಂತವಳನ್ನು ಕಂಡಳು. ಕೈ ಹಿಡಿದು ಒಳಗೆ ಕರೆದುಕೊಂಡು ಹೋಗಿ ಕೂರಿಸಿದಳು. ಆಮೇಲೆ ತನ್ನ ಮುಖಕ್ಕೆ ಸುತ್ತಿದ್ದ ಬಟ್ಟೆ ಬಿಚ್ಚಿದಳು.

ಬಲ ಅರ್ಧ ಸುಕ್ಕುಗಟ್ಟಿದ ಮುದುಕಿಯದು. ಎಡ ಅರ್ಧ ಇಪ್ಪತ್ತರ ಹುಡುಗಿಯದು. ತುಂಬಿದ ಕೆನ್ನೆ, ಕಪ್ಪು ಹುಬ್ಬು, ಒಂದು ಗೆರೆಯಿಲ್ಲ.

“ನಂಗೂ ಅರ್ಧ ಮುಖ ಹೋಗಿತ್ತು. ನಮ್ಮೋರು ಸೂಜಿ ಬಿಸಾಕಿ, ನಾಣ್ಯ ಮುಷ್ಟೀಲಿ ಹಿಡ್ಕೊಂಡು, ನನ್ನ ಮುಖ ಹೇಗಿತ್ತು ಅಂತ ಹೇಳ್ತಾ ಹೋದ್ರು. ಹೇಳಿದ್ದೆಲ್ಲ ವಾಪಸ್ ಬಂತು. ಮದುವೆ ಹೊಸದರಲ್ಲಿ ಹೇಗಿದ್ನೋ, ಅವ್ರ ಮನಸ್ಸಲ್ಲಿ ನಾನು ಹಾಗೇ ಇದ್ದೆ.” ಮುದುಕಿ ಎಳೆಯ ಕೆನ್ನೆಯ ಮೇಲೆ ಕೈಯಾಡಿಸಿಕೊಂಡಳು. “ನೀವೂ ಹೇಳಿ. ಇದೊಂದೇ ಸಲ. ಗೊತ್ತಿರೋದು ಮಾತ್ರ ಹೇಳಿ ಡಾಕ್ಟ್ರೇ. ಊಹೆ ಮಾಡಿದ್ರೆ ಆ ಜಾಗ ಮುಚ್ಚಿಹೋಗುತ್ತೆ, ಮತ್ತೆ ತೆರೆಯಲ್ಲ.”

ಡಾಕ್ಟರು ನಾಣ್ಯವನ್ನು ಮುಷ್ಟಿಯಲ್ಲಿ ಹಿಡಿದರು. ಅದು ಜ್ವರ ಬಂದ ಹಣೆಯ ಹಾಗೆ ಸುಡುತ್ತಿತ್ತು. ಇನ್ನೊಂದು ಕೈಯನ್ನು ಹೆಂಡತಿ ಹಿಡಿದುಕೊಂಡಳು. ಇಷ್ಟು ವರ್ಷದ ಸಂಸಾರ, ಹೇಳುವುದೇನು ಕಷ್ಟ?

ಕಿವಿ ಎಂದುಕೊಂಡರು. ರಾಣಿಯ ಕಿವಿ ಬಂತು. ಕಣ್ಣು ಮುಚ್ಚಿ ಮತ್ತೆ ನೆನೆಸಿಕೊಂಡರು. ಓಲೆಯಿತ್ತು. ಬಿಳಿ ಕಲ್ಲಿನದೋ, ಕೆಂಪಿನದೋ? ಕೆಂಪು ಎಂದರು.

ಮುದುಕಿ “ಅಯ್ಯೋ” ಎಂದಳು. ಕಿವಿಯ ಜಾಗದಲ್ಲಿ ಚರ್ಮ ಬಿಗಿಯಿತು.

ಕಣ್ಣು. ಕಪ್ಪೋ, ಕಂದೋ? ದೊಡ್ಡದೋ? ಬೆಳಿಗ್ಗೆ ಕಾಫಿ ಕೊಡುವಾಗ ನೋಡುತ್ತಿದ್ದವಲ್ಲ, ತಾನು ಎಲ್ಲಿ ನೋಡುತ್ತಿದ್ದೆ? ಯಾವುದೋ ಶತಮಾನದ ರಾಣಿಯರೆಲ್ಲ ಸಾಲಾಗಿ ಬಂದು ನಿಂತರು. ಒಬ್ಬೊಬ್ಬಳ ರೆಪ್ಪೆ, ಒಬ್ಬೊಬ್ಬಳ ಗಲ್ಲ, ಕೊರೆದವನ ಕೈಯ ಸಮೇತ. ಅವರ ನಡುವೆ ಎಲ್ಲೂ ಇವಳಿರಲಿಲ್ಲ. ನಾಣ್ಯ ತಣ್ಣಗಾಗುತ್ತ ಬಂತು.

“ಏನಾದ್ರೂ ಹೇಳಿ!” ಎಂದಳು ಮುದುಕಿ. “ಆರಿಹೋಗ್ತಿದೆ. ಒಂದಾದ್ರೂ ಹೇಳಿ!”

ಆಗ ನೆನಪಾಯಿತು. ಡಾಕ್ಟರು ಅಳುತ್ತ, ಒಂದೇ ಉಸಿರಿಗೆ ಹೇಳಿದರು. ಮೇಲಿನ ಸಾಲಿನಲ್ಲಿ ಎಡಗಡೆ ಎರಡನೆಯ ಹಲ್ಲು ಚೂರು ಒಳಕ್ಕೆ ತಿರುಗಿದೆ. ಕೋರೆ ಹಲ್ಲು ಮೊಂಡು. ಕೆಳಗಿನ ಬಲ ದವಡೆಯಲ್ಲಿ ತಾವೇ ತುಂಬಿದ ಹುಳುಕು. ಬಾಯಿ ಪೂರ್ತಿ ತೆರೆದಾಗ ಕೆಳತುಟಿಯ ಎಡ ಅಂಚು ಮೊದಲು ಬಿಳಿಚಿಕೊಳ್ಳುತ್ತದೆ. ನೋವಾದರೂ ಆ ಎನ್ನುವುದಿಲ್ಲ, ನಾಲಿಗೆಯನ್ನು ಅಂಗುಳಕ್ಕೆ ಒತ್ತಿ ಹಿಡಿಯುತ್ತಾಳೆ. ಮುಷ್ಟಿಯೊಳಗೆ ರಾಣಿಯ ತುಟಿಯ ಮೇಲೆ ಕಿಲುಬು ಬೆಳೆಯುವುದು ಬೆರಳಿಗೆ ತಿಳಿಯಿತು.

ನುಣುಪಿನ ನಡುವೆ ಒಂದು ಸೀಳು ಬಿಟ್ಟಿತು. ತುಟಿ ಬಂತು. ಹಲ್ಲು ಬಂದವು, ಒಂದೂ ಆಚೀಚೆಯಾಗದೆ. ಅವಳು ಬಾಯಿ ತೆರೆದು ದೊಡ್ಡದಾಗಿ ಉಸಿರೆಳೆದುಕೊಂಡಳು.

ಡಾಕ್ಟರು ಕಾದರು. ನಾಣ್ಯ ಕಲ್ಲಿನಂತೆ ತಣ್ಣಗಿತ್ತು. ಮತ್ತೇನೂ ಬರಲಿಲ್ಲ. ಅವಳ ಮೊಣಕಾಲಿಗೆ ತಲೆಯಿಟ್ಟು ಅತ್ತರು, ಮಕ್ಕಳು ಅಳುವ ಹಾಗೆ.

“ಅಷ್ಟೇನಾ ರೀ?” ಎಂದಳು ಅವಳು.

ಅವರು ಅವಳ ಮೊಣಕಾಲಿಗೆ ಮುಖವನ್ನು ಇನ್ನಷ್ಟು ಒತ್ತಿಕೊಂಡರು.

“ಹೋಗ್ಲಿ ಬಿಡಿ, ಅಳಬೇಡಿ. ಅತ್ರೆ ನಿಮ್ಮ ಮೂಗಿನ ತುದಿ ಕೆಂಪಾಗುತ್ತೆ.” ದನಿ ಅವಳದೇ, ಮೊದಲಿನದೇ. “ಎಡ ಹುಬ್ಬಲ್ಲಿ ಒಂದು ಬಿಳಿ ಕೂದಲಿದೆ, ಎಷ್ಟು ಸಲ ಕಿತ್ರೂ ಬರುತ್ತೆ. ಕನ್ನಡಕ ಒತ್ತಿ ಮೂಗಿನ ಮೇಲೆ ಎರಡು ಗುಳಿ ಬಿದ್ದಿದೆ, ಬಲಗಡೇದು ಸ್ವಲ್ಪ ಆಳ. ಗಲ್ಲದ ಕೆಳಗೆ ಬ್ಲೇಡು ತಾಗಿದ ಗೆರೆ ಇದೆ, ಅಲ್ಲಿ ಗಡ್ಡ ಬರಲ್ಲ. ನಗು ತಡ್ಕೊಳ್ಳೋವಾಗ ಕೆಳಗಿನ ರೆಪ್ಪೆ ಮಾತ್ರ ಮೇಲೇಳುತ್ತೆ.”

ಅವಳು ಹೇಳುತ್ತಲೇ ಇದ್ದಳು. ಒಂದೂ ತಪ್ಪಿರಲಿಲ್ಲ.