ಬಾಬುಲಾಲ ಸರ್ ಫೋಲ್ಡರು

ಗೊಳಸಂಗಿಯ ಅಮೋಘಸಿದ್ಧ ಸುಳ್ಳುಗಾರನಲ್ಲ. ಆದರೆ ಈ ಒಂದು ತಿಂಗಳು ಮಾಡಿದ್ದೆಲ್ಲ ಕಳ್ಳಾಟವೇ.

ಸಿಂದಗಿಯ ಕಾಲೇಜೊಂದರ ಲಿನಕ್ಸ್ ಸರ್ವರ್ ನೋಡಿಕೊಳ್ಳುವುದು ಅವನ ಕೆಲಸ. ಬಾಬುಲಾಲ ಸರ್ ನಿವೃತ್ತರಾದ ಮೇಲೆ ಅವರ ಪಾಠದ ಫೈಲುಗಳೆಲ್ಲ ಹೊಸ ಮೇಡಂ ಪ್ರಜ್ಞಾಳ ಪಾಲಿಗೆ ಬಂದವು. ಬಂದವು ಅಂದರೆ, ಓದಬಹುದಿತ್ತು ಅಷ್ಟೇ. ಮಾಲೀಕರ ಹೆಸರು ಇನ್ನೂ ಬಾಬುಲಾಲರದೇ ಆಗಿದ್ದರಿಂದ ಒಂದಕ್ಷರವನ್ನೂ ತಿದ್ದುವಂತಿರಲಿಲ್ಲ. ಮಾಲೀಕರ ಹೆಸರು ಬದಲಿಸುವ chown ಎಂಬ ಕಮಾಂಡಿಗೆ -R ಸೇರಿಸಿದ್ದರೆ ಒಳಗಿನ ಫೋಲ್ಡರು, ಫೈಲು ಎಲ್ಲವೂ ಒಂದೇ ಏಟಿಗೆ ಅವಳ ಹೆಸರಿಗೆ ಆಗುತ್ತಿದ್ದವು. ಈ ಮಹಾಶಯ -R ಹಾಕಲೇ ಇಲ್ಲ. ಬಂದಾಗಲೆಲ್ಲ ಒಂದೇ ಫೋಲ್ಡರ್ ಬದಲಿಸಿ ಎದ್ದು ಹೋಗುತ್ತಿದ್ದ. ವಾರದೊಳಗೆ ಅವಳ ಫೋನು: "ಸರ್, ಒಳಗಿಂದು ತಿದ್ದಾಕ ಬರವಲ್ದರಿ."

ಅಷ್ಟು ಸಾಕು, ಬಸವನ ಬಾಗೇವಾಡಿಗೆ ಬಂದು ಸಿಂದಗಿ ಬಸ್ಸು ಹತ್ತುತ್ತಿದ್ದ.

ಇವತ್ತೇ ಕೊನೆಯ ಸಲ. ನಾಳೆಯಿಂದ ಅವನ ಕೆಲಸ ಮುದ್ದೇಬಿಹಾಳದಲ್ಲಿ. ಇವತ್ತು ಬಾಯಿ ಬಿಡದಿದ್ದರೆ ಮುಗಿದೇ ಹೋಯಿತು. ಚೀಲದಲ್ಲಿ ಅವ್ವ ಕಸ್ತೂರೆವ್ವ ಕೊಟ್ಟ ಶೇಂಗಾ ಹೋಳಿಗೆಯ ಡಬ್ಬಿಯಿತ್ತು. ಅದನ್ನು ಹೊರಗೆ ತೆಗೆಯುವ ಧೈರ್ಯ ಎಲ್ಲಿಂದ ತರಬೇಕು?

ಕಾಲೇಜಿನಲ್ಲಿ ಪ್ರಜ್ಞಾ ಅವನ ಪಕ್ಕದ ಕುರ್ಚಿಯಲ್ಲಿ ಗಲ್ಲಕ್ಕೆ ಕೈಕೊಟ್ಟು ಕೂತಿದ್ದಳು.

"ಇವತ್ತು ಪೂರಾ ಮುಗಸ್ತೀರಿ, ಹೌದಿಲ್ರಿ?"

"ಹೂಂನ್ರಿ," ಎಂದ, ಅವಳತ್ತ ನೋಡದೆ. ಹೋಗುವ ಮುಂಚೆ ಒಮ್ಮೆಯಾದರೂ ನೆಟ್ಟಗೆ ಕೆಲಸ ಮಾಡೋಣವೆಂದು ಫೈಲುಗಳ ಪಟ್ಟಿ ತೆರೆದ. ಸಾಲು ಸಾಲಿಗೂ ಪ್ರಜ್ಞಾಳ ಹೆಸರು! ಬಾಬುಲಾಲರದು ಹುಡುಕಿದರೂ ಇಲ್ಲ.

"ಇದನ್ನ ಯಾರ ಮಾಡಿದ್ರಿ?"

"ನಾನ. ಹೋದ ಸಲ ನೀವ ಅಡ್ಮಿನ್ ಪಾಸ್‌ವರ್ಡ್ ಕೊಟ್ಟಿದ್ರೆಲ್ಲ. ಪುಸ್ತಕ ನೋಡಿ -R ಹಾಕಿದೆ. ನಾಕ ದಿನಾತು."

"ಮತ್ತ ನಿನ್ನೆ ಫೋನ್ ಹಚ್ಚಿ ಬರವಲ್ದು ಅಂದ್ರೆಲ್ಲ?"

ಅವಳು ತುಟಿ ಕಚ್ಚಿ ನಗು ತಡೆದಳು. "ಇಷ್ಟು ಓದಿದವರು ನೀವು, ಪ್ರತಿ ಸಲ -R ಯಾಕ ಮರಿತಿದ್ರಿ? ಮೊದಲ ನೀವ ಹೇಳ್ರಿ."

ಸಿಕ್ಕಿಬಿದ್ದ! ಕಿವಿಯ ತುದಿಯವರೆಗೂ ಬಿಸಿಯಾಯಿತು.

"ಮರ್ತಿಲ್ರಿ. ಒಂದ ದಿನಕ್ಕ ಮುಗಿಸಿದ್ರ ನಿಮ್ಮನ್ನ ಮತ್ತ ಹೆಂಗ ನೋಡೂದು? ನಿಮ್ಮ ಮ್ಯಾಲ ನನಗ ಭಾಳ ಜೀವ ಐತ್ರಿ." ಡಬ್ಬಿ ತೆಗೆದು ಕೀಬೋರ್ಡಿನ ಪಕ್ಕಕ್ಕಿಟ್ಟ. "ಅವ್ವ ಕಳಸ್ಯಾಳ. ನಿಮಗಂತನ."

"ಅಯ್ಯ! ಅವ್ವಗ ಹೇಳೀರಿ, ನನಗ ಹೇಳಿಲ್ಲ?"

"ಅವ್ವ ಒಲ್ಲೆ ಅನ್ನೂದಿಲ್ಲಂತ ಗೊತ್ತಿತ್ರಿ. ನೀವು ಒಲ್ಲೆ ಅಂದ್ರ?"

ಪ್ರಜ್ಞಾ ಒಂದು ಹೋಳಿಗೆ ಮುರಿದು ಅರ್ಧ ಅವನ ಕೈಗಿಟ್ಟಳು. ಬೆರಳು ಬೆರಳಿಗೆ ತಾಗಿತು. ಆಮೇಲೆ ಅವಳೇ ಕಂಪ್ಯೂಟರ್ ಬಂದ್ ಮಾಡಿ ಎದ್ದಳು.

"ಇಷ್ಟ ತಿನ್ರಿ, ಹಸಿವಿ ಇಟಗೊಳ್ರಿ. ಮನ್ಯಾಗ ನಮ್ಮವ್ವ ನಿಮಗಂತ ರೊಟ್ಟಿ ಬಡಿಯಾಕತ್ತಾಳ. ನಿಮಗ ಫೋನ್ ಮಾಡೂಕಿಂತ ಮೊದಲ ಅಕಿಗೆ ನಿಮ್ಮ ವಿಚಾರ ಹೇಳೀನಿ."