ಬಸ್ತಿಕೊಪ್ಪಲಿನ ಬಿಸಿ ಬೂದಿ

ಎಲ್ಲರ ಮನೆ ದೋಸೆಯೂ ತೂತು ಎಂದು ಗಾದೆ. ಸಾವಿರದ ಒಂಬೈನೂರ ಅರವತ್ತಾರರಲ್ಲಿ ಅದು ತಿರುವುಮುರುವಾಗಿ, ಎಲ್ಲರ ಮನೆಯಲ್ಲೂ ತೂತು ಮಾತ್ರ ಉಳಿದು ದೋಸೆ ರೇಷನ್ ಡಿಪೋ ಸೇರಿತ್ತು. ಆ ವರ್ಷ ಚನ್ನರಾಯಪಟ್ಟಣದ ಕಡೆ ನಡೆದ ನಿಜ ಸಂಗತಿ ಇದು. ನಡೆದದ್ದನ್ನಷ್ಟೇ ಬರೆದಿದೆ, ಓಡಿದ್ದು, ಹಾರಿದ್ದು ಸೇರಿಸಿಲ್ಲ.

ನವೆಂಬರ್ ೧೪, ಸೋಮವಾರ, ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಫುಡ್ ಇನ್‌ಸ್ಪೆಕ್ಟರ್ ರುದ್ರಯ್ಯನವರು ಪೊಲೀಸ್ ಠಾಣೆಗೆ ಬಂದರು. ಸಬ್ ಇನ್‌ಸ್ಪೆಕ್ಟರ್ ನಂಜಯ್ಯನವರ ಮೇಜಿನ ಮೇಲೆ ಮೂರು ಕಾಗದ ಹರಡಿ, ಕುರ್ಚಿ ತೋರಿಸುವ ಮೊದಲೇ ಕುಳಿತರು.

"ಇದು ಯಾರ ಸಹಿ, ಹೇಳಿ."

"ನಿಮ್ಮದು."

"ನನ್ನದಲ್ಲ."

"ನಿಮ್ಮ ಹೆಸರಿದೆ."

"ಹೆಸರು ನನ್ನದು, ಕೈ ನನ್ನದಲ್ಲ. ಯಾವನೋ ನಾನಾಗಿ ತಿರುಗ್ತಿದ್ದಾನೆ, ನಂಜಯ್ಯನವರೇ. ಅದೂ ನಾನು ಇನ್ನೂ ಬದುಕಿರುವಾಗಲೇ!"

ದೂರಿನ ಸಾರಾಂಶ ಇಷ್ಟು. ರೇಷನ್ ಕಾರ್ಡು ಎಲ್ಲರಿಗೂ ಸಿಗುವಂಥದಲ್ಲ. ಸ್ವಂತ ಜಮೀನಿನ ಬೆಳೆ ವರ್ಷದ ಊಟಕ್ಕೆ ಸಾಲುವ ಮನೆಗೆ ಕಾರ್ಡಿಲ್ಲ. ಒಂದೇ ಸೂರಿನಡಿ ಇದ್ದರೂ ಬೇರೆ ಒಲೆ ಹಚ್ಚುವವರು ಬೇರೆ ಕುಟುಂಬ. ಅವರಿಗೆ ಬೇರೆ ಕಾರ್ಡು. ಈ ನಿಯಮ ಬಂದದ್ದೇ ತಡ, ತಾಲ್ಲೂಕಿನ ತುಂಬ ಮೂರು ಕಲ್ಲಿಟ್ಟು ‘ನಾವು ಬೇರೆಯಾಗಿದೀವಿ ಸಾ’ ಎನ್ನುವವರು ಹುಟ್ಟಿಕೊಂಡರು. ಅಣ್ಣತಮ್ಮಂದಿರ ಜಗಳಕ್ಕೂ ಅಷ್ಟೊಂದು ಒಲೆ ಹೊತ್ತಿರಲಿಲ್ಲ.

ಕೋಲಾರದ ಕಡೆಯಿಂದ ಹೊಸದಾಗಿ ವರ್ಗವಾಗಿ ಬಂದ ರುದ್ರಯ್ಯನವರು ಇದಕ್ಕೊಂದು ಮದ್ದು ಕಂಡುಹಿಡಿದಿದ್ದರು. ದೀಪ ಹಚ್ಚಿದ ಮೇಲೆ, ಎಲ್ಲರ ಮನೆಯಲ್ಲೂ ಅಡುಗೆಯಾಗುವ ಹೊತ್ತಿಗೆ, ಹೇಳದೆ ಕೇಳದೆ ಹೋಗುವುದು. ಒಲೆಯ ಬೂದಿಗೆ ಕೈ ಇಡುವುದು. ಬಿಸಿ ಇದ್ದರೆ ಕುಟುಂಬ, ತಣ್ಣಗಿದ್ದರೆ ನಾಟಕ.

ಬಾಗೂರು ಹೋಬಳಿಯ ಬಸ್ತಿಕೊಪ್ಪಲಿಗೆ ಅವರು ಹೋದದ್ದು ಅಕ್ಟೋಬರ್ ೬ರಂದು, ಸಂಜೆ ಏಳೂಕಾಲಕ್ಕೆ. ಮೂರು ಮನೆಗಳಲ್ಲಿ ಬೂದಿ ತಣ್ಣಗಿತ್ತು. ಮೂರು ಕಾರ್ಡು ರದ್ದಾದವು. ಈಗ ನೋಡಿದರೆ ನವೆಂಬರ್ ೩ರ ತಾರೀಖಿನ ಮೂರು ಮರುತನಿಖೆ ವರದಿಗಳು ಟಪಾಲಿನಲ್ಲಿ ಕಚೇರಿಗೆ ಬಂದಿವೆ. ‘ಒಲೆ ಬಿಸಿ ಇದೆ. ಕುಟುಂಬ ಪ್ರತ್ಯೇಕ.’ ಗುಮಾಸ್ತರು ನಂಬಿ ಮೂರು ಕಾರ್ಡನ್ನೂ ತಿರುಗಿ ಕೊಟ್ಟಿದ್ದಾರೆ.

"ಫಾರಂ ಅಸಲಿಯೇ?"

"ಅಸಲಿ. ಅದೇ ನನಗೂ ಬಗೆಹರಿಯದ್ದು. ಹ್ಞೂಂ." ರುದ್ರಯ್ಯನವರಿಗೆ ಮಾತಿನ ಕೊನೆಗೆ ಆಗಾಗ ಮೂಗಿನಿಂದ ಒಂದು ‘ಹ್ಞೂಂ’ ಹೊರಡುತ್ತಿತ್ತು, ರೈಲು ನಿಂತ ಮೇಲೆ ಆವಿ ಬಿಟ್ಟಂತೆ. "ಕಾರ್ಡು ಮೂರನ್ನೂ ಮತ್ತೆ ರದ್ದು ಮಾಡಿಸ್ತೀನಿ. ಮನುಷ್ಯ ಸುಳ್ಳು ಹೇಳ್ತಾನೆ, ಬೂದಿ ಹೇಳಲ್ಲ. ಹ್ಞೂಂ."

ಹನ್ನೊಂದು ಗಂಟೆಗೆ ಎಫ್.ಐ.ಆರ್. ಆಯಿತು. ಸರ್ಕಾರಿ ನೌಕರನ ಸೋಗು, ವಂಚನೆ, ಖೋಟಾ ಸಹಿ.

ಮರುದಿನ ನಂಜಯ್ಯನವರೂ ಕಾನ್‌ಸ್ಟೇಬಲ್ ಮರಿಯಣ್ಣನೂ ಬಾಗೂರಿನವರೆಗೆ ಬಸ್ಸಿನಲ್ಲಿ, ಅಲ್ಲಿಂದ ಎರಡು ಮೈಲಿ ಬಾಡಿಗೆ ಸೈಕಲ್ಲಿನಲ್ಲಿ ಬಸ್ತಿಕೊಪ್ಪಲು ತಲುಪಿದಾಗ ಮಧ್ಯಾಹ್ನ ಮೂರೂವರೆ. ರದ್ದಾದ ಮೂರು ಕಾರ್ಡುಗಳು ಧರಣೇಂದ್ರಯ್ಯ, ಅನಂತಮ್ಮ ಮತ್ತು ಚಕ್ರೇಶ್ವರಮ್ಮ ಎಂಬವರವು. ಚಕ್ರೇಶ್ವರಮ್ಮ ವಿಧವೆ. ಭಾವ ಆದಿರಾಜಯ್ಯನ ಮನೆಯ ಹಿಂದಿನ ಕೋಣೆಯಲ್ಲಿ ಮಗಳು ರಾಜೀಮತಿಯೊಂದಿಗೆ ವಾಸ. ಮುತ್ತುಗದ ಊಟದೆಲೆ ಹಚ್ಚಿ ಮಾರಿ ಜೀವನ.

ಎದುರು ಮನೆಯ ಸರಸಮ್ಮ ರಾಗಿ ಕೇರುತ್ತಿದ್ದಳು. ಕೇಳುವ ಮೊದಲೇ ಸಾಕ್ಷಿ ಹೇಳುವ ಜಾತಿ.

"ಬಂದಿದ್ರು ಸಾ. ಮೊದ್ಲು ಬಂದಿದ್ರಲ್ಲ, ಅವರೇ."

"ಮುಖ ನೋಡಿದೆಯಾ?"

"ಮುಖ ಎಲ್ಲಿ? ನೆಗಡಿ ಅಂತ ಮಫ್ಲರ್ ಸುತ್ಕಂಡಿದ್ರು, ಕರೀ ಕನ್ನಡಕ. ಆದ್ರೆ ದನಿ ಅವರ್ದೇ ಸಾ. ‘ಬೂದಿ ಏಳಲ್ಲ, ಹ್ಞೂಂ’ ಅಂತ ಅಂಗೇ ಅಂದ್ರು."

"ಎಷ್ಟು ಹೊತ್ತಿನಲ್ಲಿ?"

"ನಾಕೂವರೆ, ಐದು ಗಂಟೆ. ನಾನು ಹಾಲು ಕರೀತಿದ್ದೆ. ಮೂರೇ ಮನೆ ನೋಡಿದ್ರು. ಕೊನೇಗೆ ಚಕ್ರೇಶ್ವರಮ್ಮೋರ ಜಗಲಿ ಮ್ಯಾಲೆ ಎಲೆ ಆಕುಸ್ಕಂಡು ಊಟನೂ ಮಾಡುದ್ರು."

ಮರಿಯಣ್ಣ ಬರೆಯುವುದನ್ನು ನಿಲ್ಲಿಸಿದ. "ಫುಡ್ ಇನ್‌ಸ್ಪೆಕ್ಟರು ಫುಡ್ಡೇ ಇನ್‌ಸ್ಪೆಕ್ಟ್ ಮಾಡುದ್ರು ಅನ್ನು."

"ನಗ್‌ಬ್ಯಾಡಿ ಸಾ," ಎಂದಳು ಸರಸಮ್ಮ. "ಕಾರ್ಡು ಓದಾಗಿಂದ ಆಯಮ್ಮ ಒಪ್ಪೊತ್ತು ಉಂತಾ ಇದ್ರು. ನೋಂಪಿ, ವ್ರತ ಹಿಡಿದಿದೀನಿ ಅಂತಿದ್ರು. ಒಂದು ತಿಂಗ್ಳು ಅಂಗೆ ನಡ್ಯೋ ನೋಂಪಿ ನಾನಂತೂ ನೋಡಿಲ್ಲ."

ಚಕ್ರೇಶ್ವರಮ್ಮ ಬಾಗಿಲಿನ ಒಳಗೆ ನಿಂತೇ ಉತ್ತರ ಕೊಟ್ಟರು.

"ಅಕ್ಟೋಬರಿನಲ್ಲಿ ನಿಮ್ಮ ಒಲೆ ಯಾಕೆ ತಣ್ಣಗಿತ್ತು?"

"ನಾವು ಹೊತ್ತು ಮುಳುಗಿದ ಮೇಲೆ ಉಣ್ಣಲ್ಲ ಸ್ವಾಮಿ. ಅಡುಗೇನೂ ಮಾಡಲ್ಲ. ಬೆಂಕಿಗೆ ಹುಳ ಬಂದು ಬೀಳ್ತವೆ."

"ಇನ್‌ಸ್ಪೆಕ್ಟರಿಗೆ ಹೇಳಲಿಲ್ಲವೇ?"

"ಹೇಳಿದೆ. ಬೂದಿ ಸುಳ್ಳು ಹೇಳಲ್ಲ ಅಂದರು."

ಮುಂದಿನ ಕೋಣೆಯಿಂದ ಆದಿರಾಜಯ್ಯ ಕೆಮ್ಮಿದ. "ನನಗೆ ಗದ್ದೆ ಇದೆ, ಕಾರ್ಡಿಲ್ಲ, ಸರಿ. ಇವಳಿಗೆ ಒಂದು ಸೇರು ಅಕ್ಕಿ ತಗೊಳ್ಳಮ್ಮ ಅಂದ್ರೆ ಮುಟ್ಟಲ್ಲ ಅಂತಾಳೆ."

"ಭಾವನೋರ ಮನೆ ಅನ್ನ ಉಂಡುಬಿಟ್ಟರೆ," ಎಂದರು ಚಕ್ರೇಶ್ವರಮ್ಮ, "ಬೇರೆ ಒಲೆ ಅಂತ ಬರೆದುಕೊಟ್ಟದ್ದು ಸುಳ್ಳಾಗುತ್ತಲ್ಲ."

ನಂಜಯ್ಯನವರು ಪಟೇಲರನ್ನೂ ಸರಸಮ್ಮನ ಗಂಡನನ್ನೂ ಪಂಚರಾಗಿ ಕರೆಸಿ, ಒಲೆಯ ಪಂಚನಾಮೆ ಶುರು ಮಾಡಿದರು. ಆ ಠಾಣೆಯ ಚರಿತ್ರೆಯಲ್ಲಿ ಒಲೆಗೆ ಪಂಚನಾಮೆ ಆದದ್ದು ಅದೇ ಮೊದಲು.

‘೫-೧೦: ಒಲೆ ಉರಿಯುತ್ತಿದೆ. ಮೇಲೆ ಮುದ್ದೆಯ ಮಡಕೆ. ೫-೫೦: ತಾಯಿ ಮಗಳ ಊಟ ಮುಗಿಯಿತು. ಸೌದೆ ಎಳೆದು, ಕೆಂಡ ತೆಗೆದು, ಒಲೆ ಸಾರಿಸಿದರು. ೭-೧೫: ಪಂಚರ ಸಮಕ್ಷಮ ಕಾನ್‌ಸ್ಟೇಬಲ್ ಮರಿಯಣ್ಣ ಒಲೆಗೆ ಕೈಯಿಟ್ಟನು. ತಣ್ಣಗಿದೆ.’

"ಐಸು ಸಾ," ಎಂದ ಮರಿಯಣ್ಣ. ಅವನ ದುಃಖ ಬೇರೆ. ಕಾಫಿ ಬೇಕೇ ಎಂದು ಐದೂವರೆಗೆ ಕೇಳಿದಾಗ ಜಂಬದಿಂದ ‘ಆಮೇಲೆ ಕುಡಿಯೋಣ’ ಎಂದಿದ್ದ. ಆಮೇಲೆ ಎನ್ನುವುದು ಆ ಮನೆಯಲ್ಲಿ ಮಾರನೆಯ ಬೆಳಿಗ್ಗೆ.

"ಈಗ ಹೇಳು ಮರಿಯಣ್ಣ. ಆ ನಕಲಿಯವನು ನಾಲ್ಕೂವರೆಗೇ ಯಾಕೆ ಬಂದ?"

"ಇವರ ಒಲೆ ಯಾವಾಗ ಉರೀತದೆ ಅಂತ ಗೊತ್ತಿತ್ತು ಸಾ. ಹಂಗಾದ್ರೆ ಜೈನರವನೇ. ಆದಿರಾಜಯ್ಯನ ಮಗ ಗೊಮ್ಮಟೇಶ ಹಾಸನದಲ್ಲಿ ಓದ್ತಾವ್ನೆ. ಅವನೇ ಇರ್ಬೇಕು."

"ನವೆಂಬರ್ ಮೂರರಂದು ಅವನು ಕಾಲೇಜಿನ ಪರೀಕ್ಷೆಯಲ್ಲಿದ್ದ. ಈ ಊರಿನಲ್ಲಿ ಫಾರಂ ತುಂಬಬಲ್ಲ ಓದಿದ ಹುಡುಗ ಅವನೊಬ್ಬನೇ ಅಂತ ಬೆಳಿಗ್ಗೆಯೇ ಫೋನ್ ಮಾಡಿ ವಿಚಾರಿಸಿದೆ."

"ಮತ್ತೆ?"

"ಜೈನರವನಾಗಿದ್ದರೆ ಒಳಗೆ ಕೂತು ಉಣ್ಣುತ್ತಿದ್ದ. ಇವನು ಜಗಲಿಯಲ್ಲಿ ಕೂತ."

ನಂಜಯ್ಯನವರು ಮತ್ತೆ ಬಾಗಿಲಿಗೆ ಹೋದರು. "ತಾಯಿ, ಒಪ್ಪೊತ್ತು ಉಣ್ಣುವವರು ನೀವು. ಇನ್‌ಸ್ಪೆಕ್ಟರಿಗೆ ಯಾಕೆ ಎಲೆ ಹಾಕಿದಿರಿ?"

"ಗುರುವಾರ ಜಗಲಿಗೆ ಬಂದವರಿಗೆ ಊಟ ಹಾಕೋದು ನಮ್ಮ ಯಜಮಾನರ ಕಾಲದಿಂದ ಬಂದದ್ದು."

"ಗುರುವಾರವೇ ಯಾಕೆ?"

ಚಕ್ರೇಶ್ವರಮ್ಮ ಬಾಗಿಲನ್ನು ಅರ್ಧ ಎಳೆದುಕೊಂಡರು. ಮಾತು ಜಾರಿದ್ದು ಅವರಿಗೆ ಗೊತ್ತಾಗಿತ್ತು.

"ಬಂದವನು ಯಾರೆಂದು ನಿಮಗೆ ಗೊತ್ತು."

"ಸುಳ್ಳು ಹೇಳಲ್ಲ ಸ್ವಾಮಿ. ಹೆಸರೂ ಹೇಳಲ್ಲ."

ಹೆಸರು ಹೇಳಿದವನು ಆದಿರಾಜಯ್ಯ, ಅದೂ ಹೆಮ್ಮೆಯಿಂದ. "ವಾರಾನ್ನ ಸ್ವಾಮಿ! ನನ್ನ ತಮ್ಮ ಬಾಗೂರು ಸ್ಕೂಲಿನ ಬಡ ಹುಡುಗರಿಗೆ ಗುರುವಾರ ಗುರುವಾರ ಊಟ ಹಾಕಿಸ್ತಿದ್ದ. ಒಬ್ಬ ಈಗ ಮಿಲಿಟರಿಯಲ್ಲಿದಾನೆ. ಇನ್ನೊಬ್ಬ ಪಾಲಾಕ್ಷ, ಚನ್ನರಾಯಪಟ್ಟಣದ ಬಸ್ ಸ್ಟ್ಯಾಂಡಿನಲ್ಲಿ ಬುಕಿಂಗ್ ಏಜೆಂಟು. ಏನು ಬಾಯಿ ಅಂತೀರಿ ಅವನದು! ಡ್ರೈವರು, ಮೇಷ್ಟರು, ಶಾನುಭೋಗರು, ಯಾರ ಹಾಗೆ ಬೇಕೋ ಅವರ ಹಾಗೆ."

ಒಳಗಿನಿಂದ ಪಾತ್ರೆಯೊಂದು ಬಿದ್ದ ಸದ್ದಾಯಿತು.

ನವೆಂಬರ್ ೧೬, ಬುಧವಾರ, ಬೆಳಿಗ್ಗೆ ಒಂಬತ್ತಕ್ಕೆ ನಂಜಯ್ಯ ಮತ್ತು ಮರಿಯಣ್ಣ ಮಫ್ತಿಯಲ್ಲಿ ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಕುಳಿತರು. ಪಾಲಾಕ್ಷ ಇಪ್ಪತ್ತೈದು ಇಪ್ಪತ್ತಾರರ ಸಣಕಲು ಆಳು. "ಹೊಳೆನರಸೀಪುರ, ಅರಕಲಗೂಡು! ಕೂತ್ಕಂಡೋರಿಗೆ ಸೀಟು, ನಿಂತ್ಕಂಡೋರಿಗೆ ಗಾಳಿ!" ಎಂದು ಕೂಗಿ, ಒಬ್ಬ ರೈತ ಟಿಕೇಟಿಗೆ ಚೌಕಾಸಿ ಮಾಡಿದ್ದೇ ತಡ, ಮೂಗೇರಿಸಿ ಹೇಳಿದ: "ಪ್ರಯಾಣಿಕ ಸುಳ್ಳು ಹೇಳ್ತಾನೆ, ಟಿಕೇಟು ಹೇಳಲ್ಲ. ಹ್ಞೂಂ."

ಮರಿಯಣ್ಣ ದಿಗ್ಗನೆ ಎದ್ದು ಸುತ್ತ ನೋಡಿದ, ರುದ್ರಯ್ಯನವರು ಎಲ್ಲಿದ್ದಾರೆ ಎಂದು.

"ನವೆಂಬರ್ ಮೂರು ಗುರುವಾರ ಎಲ್ಲಿದ್ದೆ?" ನಂಜಯ್ಯನವರು ಕೇಳಿದರು.

ಪಾಲಾಕ್ಷ ಅವರ ಬೂಟು ನೋಡಿದ. ಪಂಚೆಯ ಕೆಳಗೆ ಪೊಲೀಸ್ ಬೂಟು.

"ರಜಾ ಹಾಕಿದ್ದೆ ಸಾರ್."

"ಯಾಕೆ?"

"ಊಟಕ್ಕೆ."

"ಫಾರಂ ಎಲ್ಲಿ ಸಿಕ್ಕಿತು?"

"ರುದ್ರಯ್ಯನವರು ಸೆಪ್ಟೆಂಬರಿನಲ್ಲಿ ಬಸ್ಸಿನಲ್ಲಿ ಚೀಲ ಮರೆತಿದ್ರು. ಮಾರನೇ ದಿನ ನಾನೇ ಒಪ್ಪಿಸಿದೆ. ಪ್ರಾಮಾಣಿಕ ಅಂತ ಬೆನ್ನು ತಟ್ಟಿ ನಾಲ್ಕಾಣೆ ಕೊಟ್ರು. ತಮಾಷೆಗೆ ಇರಲಿ ಅಂತ ಮೂರು ಫಾರಂ ಇಟ್ಕೊಂಡಿದ್ದೆ."

"ನಾಲ್ಕಾಣೆ?"

"ಅದನ್ನೂ ಇಟ್ಕೊಂಡೆ ಸಾರ್."

೯-೪೦ಕ್ಕೆ ದಸ್ತಗಿರಿ. ಬಸ್ಸನ್ನು ಹೊರಡಿಸಿಯೇ ಬರುತ್ತೇನೆಂದು ಕೇಳಿಕೊಂಡ, ಒಪ್ಪಲಾಯಿತು.

ಗುರುವಾರ ಠಾಣೆಯಲ್ಲಿ ದನಿ ಗುರುತಿಸುವ ಪರೇಡು. ಪಂಚರ ಮುಂದೆ ಸರಸಮ್ಮನನ್ನು ನಿಲ್ಲಿಸಿ, ರೆಕಾರ್ಡು ಕೋಣೆಯ ಮುಚ್ಚಿದ ಬಾಗಿಲ ಹಿಂದಿನಿಂದ ಪಾಲಾಕ್ಷನೂ ರುದ್ರಯ್ಯನವರೂ ಒಬ್ಬರಾದ ಮೇಲೊಬ್ಬರು ಒಂದೇ ವಾಕ್ಯ ಹೇಳಬೇಕು. ಹೇಳಿದರು.

"ಯಾರು ಅಸಲಿ?"

"ಮೊದಲ್ನೋರು ಸಾ. ಅನುಮಾನವೇ ಇಲ್ಲ."

"ಎರಡನೆಯವರು?"

"ಅವನು ಕಳ್ಳ ಕಣ್ ಸಾ. ರುದ್ರಯ್ಯೋರಂಗೆ ಮಾತಾಡಾಕೆ ಓಗಿ ಎಡವ್‌ಬುಟ್ಟ. ಆ ‘ಹ್ಞೂಂ’ ಸರಿಯಾಗಿ ಬರ್ಲಿಲ್ಲ."

ಬಾಗಿಲು ತೆರೆಯಿತು. ಎರಡನೆಯವರು ಕೆಂಪು ಮುಖ ಮಾಡಿಕೊಂಡು ಹೊರಗೆ ಬಂದರು. ಪಂಚರು ಸೂರು ನೋಡಿದರು. ಮರಿಯಣ್ಣ ನೀರು ಕುಡಿಯಲು ಹಿತ್ತಲಿಗೆ ಓಡಿದ.

"ಇವನಿಗೆ ಏನು ಸಿಕ್ಕಿತು ಇದರಿಂದ?" ರುದ್ರಯ್ಯನವರು ಗುಡುಗಿದರು. "ಎಷ್ಟು ತಗೊಂಡೆ ಅವರ ಹತ್ತಿರ?"

"ಏನೂ ತಗೊಂಡಿಲ್ಲ ಸಾರ್," ಎಂದ ಪಾಲಾಕ್ಷ, ತನ್ನ ಸ್ವಂತ ದನಿಯಲ್ಲಿ. ಆ ದನಿಯನ್ನು ಅಲ್ಲಿದ್ದವರು ಮೊದಲ ಸಲ ಗಮನವಿಟ್ಟು ಕೇಳಿದರು. ಅದು ಸಣ್ಣದಾಗಿತ್ತು. "ನೀವೇ ಬಸ್ ಸ್ಟ್ಯಾಂಡಿನಲ್ಲಿ ಹೇಳಿದ್ರಿ, ಬಸ್ತಿಕೊಪ್ಪಲಲ್ಲಿ ಏಳೂಕಾಲಕ್ಕೆ ಮೂರು ತಣ್ಣನೆ ಒಲೆ ಹಿಡಿದೆ ಅಂತ. ಕಂಡಕ್ಟರು, ಡ್ರೈವರು ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಯಾವ ಮನೆ ಅಂತ ಗೊತ್ತಾಯ್ತು."

ಹೇಳಿಕೆಯ ಉಳಿದ ಭಾಗವನ್ನು ನಂಜಯ್ಯನವರೇ ಬರೆದುಕೊಂಡರು. ಸ್ಕೂಲು ಐದಕ್ಕೆ ಬಿಡುತ್ತಿತ್ತು. ಬಸ್ತಿಕೊಪ್ಪಲಿಗೆ ಎರಡು ಮೈಲಿ. ಹೊತ್ತು ಮುಳುಗಿದರೆ ಒಲೆ ಆರುತ್ತದೆ, ಆದ್ದರಿಂದ ಗುರುವಾರ ಪಾಲಾಕ್ಷ ಓಡುತ್ತಿದ್ದ. ಒಂದು ಗುರುವಾರ ಮೇಷ್ಟರ ಹಾಗೆ ಮಾತಾಡಿದ್ದಕ್ಕೆ ಮೇಷ್ಟರು ಬೆಂಚಿನ ಮೇಲೆ ನಿಲ್ಲಿಸಿ ತಡಮಾಡಿದರು. ತಲುಪಿದಾಗ ಕತ್ತಲೆ. ಒಲೆ ಸಾರಿಸಿತ್ತು, ಬಾಗಿಲು ಮುಚ್ಚಿತ್ತು. ಜಗಲಿಯ ಮೂಲೆಯಲ್ಲಿ, ಮುತ್ತುಗದ ಎಲೆಯಲ್ಲಿ ಕಟ್ಟಿದ ಊಟ, ಇರುವೆ ಹತ್ತದಂತೆ ಸುತ್ತ ನೀರಿನ ಗೆರೆ. ಮಾರನೆಯ ವಾರ ಆಯಮ್ಮ ಆ ವಿಷಯ ಎತ್ತಲಿಲ್ಲ, ಅವನೂ ಎತ್ತಲಿಲ್ಲ.

‘ಈ ಸಲ ಅವರು ಬಡಿಸಿದಾಗ ಮುದ್ದೆ ನಿಂಬೆಹಣ್ಣಿನಷ್ಟಿತ್ತು. ಪೂರ್ತಿ ಉಂಡೆ. ಉಣ್ಣದಿದ್ದರೆ ಅವರು ನನ್ನ ಗುರುತು ಹಿಡಿದಿರುವುದು ಇಬ್ಬರಿಗೂ ಬಯಲಾಗುತ್ತಿತ್ತು.’ ಇಲ್ಲಿಗೆ ಹೇಳಿಕೆ ಮುಗಿಯುತ್ತದೆ. ಸಹಿ, ಪಾಲಾಕ್ಷ, ಈ ಸಲ ಅವನದೇ.

ಅವನಿಗೆ ಜಾಮೀನು ನಿಂತವನು ಆದಿರಾಜಯ್ಯ.

ಒಲೆಯ ಪಂಚನಾಮೆಯ ಒಂದು ಪ್ರತಿಯನ್ನು ನಂಜಯ್ಯನವರು ರುದ್ರಯ್ಯನವರ ಕೈಗೆ ಕೊಟ್ಟರು. ಅವರು ಎರಡು ಸಲ ಓದಿದರು. ೫-೧೦, ೫-೫೦, ೭-೧೫. ಕಾರ್ಡು ರದ್ದು ಮಾಡುವ ಕಾಗದವನ್ನು ಮಡಿಸಿ ಜೇಬಿಗಿಟ್ಟರು.

ನವೆಂಬರ್ ೨೪, ಸಂಜೆ ಐದು ಗಂಟೆ ಐದು ನಿಮಿಷ. ರುದ್ರಯ್ಯನವರು ಮರಿಯಣ್ಣನನ್ನು ಜೊತೆಗೆ ಕರೆದುಕೊಂಡು ಬಸ್ತಿಕೊಪ್ಪಲಿಗೆ ಬಂದು, ಚಕ್ರೇಶ್ವರಮ್ಮನವರ ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕುಳಿತು, ಅಭ್ಯಾಸಬಲದಿಂದ ಕೈಯನ್ನು ನೇರವಾಗಿ ಬೂದಿಗೆ ತೂರಿಸಿದರು.

"ಅಯ್ಯಯ್ಯಪ್ಪಾ!"

ರಾಜೀಮತಿ ಬೆಣ್ಣೆ ತರಲು ಸರಸಮ್ಮನ ಮನೆಗೆ ಓಡಿದಳು. ರುದ್ರಯ್ಯನವರು ಊದಿದ ಎರಡು ಬೆರಳು ಮೇಲೆತ್ತಿ ಹಿಡಿದುಕೊಂಡೇ ಎಡಗೈಯಲ್ಲಿ ಫಾರಂ ಒತ್ತಿ, ಬಲಗೈಯ ಉಳಿದ ಬೆರಳುಗಳಲ್ಲಿ ಬರೆದರು: ‘ಒಲೆ ಬಿಸಿ ಇದೆ. ಕುಟುಂಬ ಪ್ರತ್ಯೇಕ.’ ಸಹಿ ಹಾಕಿದರು. ಸಹಿ ಸೊಟ್ಟಗೆ ಬಂತು.

ಮರಿಯಣ್ಣ ಬಗ್ಗಿ ನೋಡಿದ. "ಸಾ, ಕಚೇರಿನೋರು ಇದನ್ನ ನಕಲಿ ಅಂದ್‌ಬುಟ್ರೆ?"

ರುದ್ರಯ್ಯನವರು ಅವನನ್ನು ದುರುಗುಟ್ಟಿ ನೋಡಿ, ಗಂಟಲು ಸರಿಮಾಡಿಕೊಂಡು, ಗಾಂಭೀರ್ಯದಿಂದ ಹೇಳಿದರು: "ಮನುಷ್ಯ ಸುಳ್ಳು ಹೇಳ್ತಾನೆ, ಬೂದಿ ಹೇಳಲ್ಲ. ಹ್ಞೂಂ."

ಬೆಣ್ಣೆಯ ಬಟ್ಟಲು ಹಿಡಿದು ಬಾಗಿಲಿಗೆ ಬಂದಿದ್ದ ಸರಸಮ್ಮ ಕತ್ತು ಕೊಂಕಿಸಿ ಕೇಳಿಸಿಕೊಂಡು, ಒಪ್ಪದೆ ತಲೆಯಾಡಿಸಿದಳು.

"ಎಲ್ಲಾ ಸರಿ ಸಾ. ಆದ್ರೂ ಆ ಉಡುಗನ್ ಅಷ್ಟು ಚೆನ್ನಾಗಿ ಬರಾಕಿಲ್ಲ ನಿಮ್ಗೆ."

ರಾಜೀಮತಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ಮರಿಯಣ್ಣ ಕಿಸಕ್ಕೆಂದ. ಚಕ್ರೇಶ್ವರಮ್ಮ ಒಲೆಯ ಕಡೆ ತಿರುಗಿಕೊಂಡರೂ ಬೆನ್ನು ಅಲುಗುತ್ತಿತ್ತು. ಅಷ್ಟರಲ್ಲಿ ಇನ್ನೊಂದು ನಗು ಎಲ್ಲರ ನಗುವನ್ನೂ ಮುಚ್ಚಿಹಾಕಿತು. ಎದುರು ಕೊಟ್ಟಿಗೆಯಲ್ಲಿ ಮಲಗಿದ್ದ ಎಮ್ಮೆ ಹೆದರಿ ಎದ್ದು ನಿಂತಿತು. ಬೆಂದ ಬೆರಳೆರಡನ್ನೂ ಗಾಳಿಯಲ್ಲಿ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಂತೆ, ಹೊಟ್ಟೆ ಹಿಡಿದು ನಗುತ್ತಿದ್ದವರು ರುದ್ರಯ್ಯನವರೇ.

"ನಗ್ತಾ ಹೊತ್ತು ಮುಳುಗಿಸ್ಬೇಡಿ," ಎಂದರು ಚಕ್ರೇಶ್ವರಮ್ಮ, ಜಗಲಿಯ ಮೇಲೆ ಎರಡು ಎಲೆ ಹಾಕುತ್ತ. "ಗುರುವಾರ."